ಬಾಯಿಗೆ ಬೀಳದ ನೀರು

ನೀಲಿ ಕೋಟು ಒಂದೇ ಇತ್ತು. ಕಸಬರಿಕೆ, ಮಾಪು, ಫಿನಾಯಿಲು ಇಡುವ ಗೂಡಿನಲ್ಲಿ ಒಂದು ಮೊಳೆಗೆ ಅದನ್ನು ನೇತುಹಾಕಿರುತ್ತಿದ್ದರು. ಎದೆಯ ಮೇಲೆ ಬಿಳಿ ದಾರದಲ್ಲಿ ‘ಕೇರ್ ಸಖಿ’ ಎಂದು ಹೊಲಿದಿತ್ತು. ನೆಲ ಒರೆಸುವಾಗ ಹುಲಿಗೆಮ್ಮ ಬರೀ ಹುಲಿಗೆಮ್ಮ. ಆ ಕೋಟು ಮೈಮೇಲೆ ಬಂದರೆ ಕೇರ್ ಸಖಿ. ಆಗ ಅವಳು ಸತ್ತವರಿಗೆ ಉಸಿರು ಹಾಕಬೇಕು.

ಕೇಳಿದವರಿಗೆ ಇದು ವಿಚಿತ್ರವೆನ್ನಿಸಬಹುದು. ಹೇಗೆಂದು ಹೇಳಬೇಕು.

ಭದ್ರಾವತಿಯ ಜನ್ನಾಪುರದಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಸಮೀಪ, ಮೊದಲು ಸಿಮೆಂಟಿನ ಅಂಗಡಿಯಿದ್ದ ಕಟ್ಟಡವನ್ನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯವರು ಹಿಡಿದು ತುರ್ತು ಚಿಕಿತ್ಸಾ ಕೇಂದ್ರ ತೆರೆದಿದ್ದರು. ಕೆಂಪು ಬೋರ್ಡು, ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ. ಅಷ್ಟುದ್ದದ ಹೆಸರು ಯಾರ ಬಾಯಿಗೂ ಬರಲಿಲ್ಲ. ಜನ ಅದನ್ನು ‘ಅರ್ಜೆಂಟು’ ಎಂದರು. ‘ಮಗೂಗೆ ನಾಯಿ ಕಚ್ಚಿತ್ತು, ಅರ್ಜೆಂಟಿಗೆ ಹೋಗಿ ಬಂದ್ವಿ’ ಎನ್ನುವುದು ಊರಿನ ಮಾತಾಯಿತು. ಜ್ವರ, ಗಾಯ, ವಾಂತಿಭೇದಿಗೆ ಅದು ಒದಗುತ್ತಿತ್ತು. ಅದನ್ನು ಇಲ್ಲವೆನ್ನಲಾಗದು. ಆದರೆ ಅದಕ್ಕಿಂತ ದೊಡ್ಡದು ಬಂದರೆ ಅಲ್ಲಿ ಏನೂ ಇರಲಿಲ್ಲ. ಒಬ್ಬ ಹೊಸ ಡಾಕ್ಟರು, ಒಬ್ಬ ನರ್ಸು, ಒಂದು ಆಂಬುಲೆನ್ಸು, ಮತ್ತು ಗೋಡೆಯ ಮೇಲೆ ಒಂದು ಫಲಕ. ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ಈ ಕೇಂದ್ರದಲ್ಲಿ ಸಾವು: ಸೊನ್ನೆ.’

ಅದನ್ನು ಬರೆಸಿದವನು ಮ್ಯಾನೇಜರ್ ಅತುಲ್. ಶಿವಮೊಗ್ಗದಲ್ಲಿ ಕೂರುತ್ತಿದ್ದ. ಸೋಮವಾರ ಸೋಮವಾರ ಕಾರಿನಲ್ಲಿ ಬರುತ್ತಿದ್ದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸುತ್ತಿದ್ದ. ತಾನೂ ತಟ್ಟುತ್ತಿದ್ದ. ಸೋಗಾನೆಯ ಕಡೆ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಇಂಥದ್ದೇ ಇನ್ನೊಂದು ಕೇಂದ್ರ ತೆರೆಯುವ ಯೋಚನೆ ಅವನಿಗಿತ್ತು. ಅದಕ್ಕೆ ದುಡ್ಡು ಹಾಕುವವರು ಬಂದು ನೋಡುವಾಗ ಆ ಫಲಕದಲ್ಲಿ ಸೊನ್ನೆಯೇ ಇರಬೇಕು.

ಸಾವನ್ನು ತಡೆಯಲು ಅವನಿಂದ ಆಗುವಂತಿರಲಿಲ್ಲ. ಅದು ದೇವರ ಕೈಯಲ್ಲಿರುವುದು. ಆದರೆ ಸಾವು ಎಲ್ಲಿ ಆಯಿತು ಎನ್ನುವುದನ್ನು ಬದಲಾಯಿಸುವುದು ಅವನ ಕೈಯಲ್ಲಿತ್ತು. ಯಾರಾದರೂ ಕೇಂದ್ರದ ಮಂಚದ ಮೇಲೆ ಪ್ರಾಣ ಬಿಟ್ಟರೆ, ಬಿಟ್ಟರೆಂದು ಹೇಳುವ ಹಾಗಿಲ್ಲ. ‘ಶಿಫ್ಟ್’ ಅನ್ನಬೇಕು. ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕ್ ಹಿಡಿದು, ಅದಕ್ಕೆ ಸಿಕ್ಕಿಸಿದ ರಬ್ಬರಿನ ಚೀಲವನ್ನು ಒತ್ತುತ್ತಾ ಆಂಬುಲೆನ್ಸಿಗೆ ಹಾಕಬೇಕು. ಚೀಲ ಒತ್ತಿದರೆ ಗಾಳಿ ಹೋಗುತ್ತದೆ. ಗಾಳಿ ಹೋದರೆ ಎದೆ ಏಳುತ್ತದೆ. ಎದೆ ಎದ್ದರೆ ಮನೆಯವರು ಜೀವ ಇದೆ ಅಂದುಕೊಳ್ಳುತ್ತಾರೆ. ಶಿವಮೊಗ್ಗ ಮುಟ್ಟಿದ ಮೇಲೆ ಅಲ್ಲಿಯ ಡಾಕ್ಟರು ನೋಡಿ, ‘ದಾರಿಯಲ್ಲೇ ಹೋಗಿದ್ದಾರೆ’ ಎನ್ನುತ್ತಾರೆ. ದಾರಿ ಯಾರ ಲೆಕ್ಕಕ್ಕೂ ಸೇರಿದ್ದಲ್ಲ.

ಒಬ್ಬಳೇ ನರ್ಸು ಆಂಬುಲೆನ್ಸಿನಲ್ಲಿ ಹೋದರೆ ಕೇಂದ್ರ ಖಾಲಿಯಾಗುತ್ತದೆ. ಇನ್ನೊಬ್ಬಳನ್ನು ಇಟ್ಟುಕೊಂಡರೆ ಖರ್ಚು. ಅದಕ್ಕೆ ಅತುಲ್ ನೆಲ ಒರೆಸುವ ಹುಲಿಗೆಮ್ಮ ಮತ್ತು ತುಂಗಮ್ಮನನ್ನು ನಿಲ್ಲಿಸಿ, ಒಂದು ರಬ್ಬರಿನ ಗೊಂಬೆ ತಂದು, ಚೀಲ ಒತ್ತುವುದನ್ನು ಕಲಿಸಿದ.

“ಇವತ್ತಿಂದ ನೀವು ಕಸದೋರಲ್ಲ. ಕೇರ್ ಸಖಿಯರು. ಎಷ್ಟು ದೊಡ್ಡ ಸೇವೆ ಗೊತ್ತಾ ಇದು?” ಎಂದ.

ತುಂಗಮ್ಮ ಮೆಲ್ಲಗೆ ಕೇಳಿದಳು, “ಸಾ, ಹಂಗಾರೆ ಕಸ ಯಾರು ಗುಡಿಸ್ತಾರೆ?”

“ಅದೂ ನೀವೇ.”

ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಲಿಗೆಮ್ಮ ಕೇರಿಯಲ್ಲಿ ಹುಟ್ಟಿದವಳು. ಅವಳ ತಾಯಿ ಗೌಡರ ಮನೆಯ ಕೊಟ್ಟಿಗೆ ಬಾಚಿದವಳು. ಹಿತ್ತಿಲ ಬಾಗಿಲಲ್ಲಿ ಎತ್ತರದಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದವಳು. ಕಾಲ ಬದಲಾಯಿತೆಂದು ಎಲ್ಲರೂ ಹೇಳುತ್ತಿದ್ದರು. ಬದಲಾಗಿತ್ತು. ಈಗ ಯಾರೂ ಎತ್ತರದಿಂದ ಸುರಿಯುತ್ತಿರಲಿಲ್ಲ. ಅರ್ಜೆಂಟಿನ ಹಾಲಿನಲ್ಲಿ ಕುಡಿಯುವ ನೀರಿನ ಯಂತ್ರವಿತ್ತು. ಅದಕ್ಕೆ ನೀರಿನ ಕ್ಯಾನನ್ನು ಹೆಗಲ ಮೇಲೆ ಹೊತ್ತು ತಂದು ಬೋರಲು ಹಾಕುವವಳು ಹುಲಿಗೆಮ್ಮನೇ. ಆದರೆ ಹೌಸ್‌ಕೀಪಿಂಗ್‌ನವರು ಅದರಿಂದ ಕುಡಿಯಬಾರದು. ಅದು ಪೇಷೆಂಟ್‌ಗಳಿಗೆ. ಇವರಿಗೆ ಹಿಂದಿನ ನಲ್ಲಿ.

ಅವಳ ಗಂಡ ವೀರಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿದ್ದವನು. ಗುತ್ತಿಗೆ ಹೋದ ಮೇಲೆ ಲಾರಿಗೆ ಮೂಟೆ ಹೊರುತ್ತಿದ್ದ. ಮಾತು ಕಡಿಮೆ, ಭಕ್ತಿ ಹೆಚ್ಚು. ಸಂಕ್ರಾಂತಿಗೆ ಕೂಡ್ಲಿಗೆ ಹೋಗಿ, ತುಂಗೆಯೂ ಭದ್ರೆಯೂ ಸೇರುವ ಕಡೆ ಮುಳುಗು ಹಾಕಿ, ಸಣ್ಣ ಬಾಟಲಿಯಲ್ಲಿ ನೀರು ತಂದು ದೇವರ ಗೂಡಿನಲ್ಲಿ ಇಡುತ್ತಿದ್ದ.

“ಯಾಕಯ್ಯ ಇದು?” ಎಂದು ಅವಳು ಕೇಳಿದರೆ, “ನಾನು ಹೋಗೋ ಹೊತ್ತಿಗೆ ಬಾಯಿಗೆ ಬಿಡು ಮಾರಾಯ್ತಿ. ಎರಡೂ ಹೊಳೆ ನೀರು ಒಂದೇ ಗುಟುಕಲ್ಲಿ ಸಿಕ್ತದೆ,” ಎಂದು ನಗುತ್ತಿದ್ದ.

“ನಾನೇ ಮುಂದೆ ಹೋದರೆ?”

“ಆಗ ನಾನು ಬಿಡ್ತೀನಿ. ಬಾಟ್ಲಿ ಒಂದೇ, ಜಗಳ ಬೇಡ.”

ಹೋಗುವವರ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಎಂಥ ಬಡವರೂ ತಪ್ಪಿಸದ ಕೆಲಸ. ಮಂತ್ರ ಬಾರದವರಿಗೂ ಇದು ಬರುತ್ತದೆ. ಚಿನ್ನ ಬೇಡ, ಪುರೋಹಿತರು ಬೇಡ. ಒಂದು ಉದ್ದರಣೆ ನೀರು, ತನ್ನವರ ಕೈ. ಇಷ್ಟೇ. ಬದುಕಿರುವಷ್ಟು ದಿನ ಏನೇನೋ ಕಿತ್ತುಕೊಂಡ ಲೋಕ ಇದನ್ನು ಮಾತ್ರ ಬಿಟ್ಟುಕೊಟ್ಟಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ವೀರಪ್ಪನಿಗೆ ಎದೆ ಹಿಡಿಯಿತು. ಹುಲಿಗೆಮ್ಮ ಕೆಲಸಕ್ಕೆ ಬಂದಾಗಿತ್ತು. ನೆರೆಯವರು ಅವನನ್ನು ಆಟೋದಲ್ಲಿ ಹಾಕಿಕೊಂಡು ಅರ್ಜೆಂಟಿಗೇ ತಂದರು. ಹೆಂಡತಿ ಅಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾರೆ ಎಂದುಕೊಂಡರು. ಅವಳು ಆಗ ತಾನೇ ಒರೆಸಿದ್ದ ನೆಲದ ಮೇಲೆ ಅವನನ್ನು ಎತ್ತಿಕೊಂಡು ಬಂದರು. ಅವನು ಅವಳನ್ನು ನೋಡಿ ಒಂದೇ ಮಾತು ಹೇಳಿದ. “ನೀರು.”

ಅವಳು ಯಂತ್ರದ ಕಡೆಗೆ ಓಡಿದಳು. ನರ್ಸ್ ಭೂಮಿಕಾ ಲೋಟ ಕಿತ್ತುಕೊಂಡಳು. “ಬಾಯಿಗೆ ಏನೂ ಹಾಕ್ಬಾರ್ದು ಅಮ್ಮ, ರೂಲ್ಸು. ಮೊದ್ಲು ಟೋಕನ್ ತಗೊಳ್ಳಿ.”

ಟೋಕನ್ ಆಯಿತು. ಇಸಿಜಿ ಆಯಿತು. ರಕ್ತ ತೆಗೆದರು. ಆಮೇಲೆ ಡಾಕ್ಟರ್ ವಿಷ್ಣು ಬಂದ. ವಯಸ್ಸು ಸಣ್ಣದು, ಮನಸ್ಸು ಕೆಟ್ಟದ್ದಲ್ಲ. ಎದೆ ಒತ್ತಿದ, ಸೂಜಿ ಚುಚ್ಚಿದ, ಬೆವರಿದ. ಕೊನೆಗೆ ಸ್ಟೆಥಾಸ್ಕೋಪನ್ನು ಕಿವಿಯಿಂದ ತೆಗೆದು, “ಇಲ್ಲ,” ಎಂದ. ಆ ಮಾತು ಅವಳ ಕಿವಿಗೆ ಬಿತ್ತು. ಭೂಮಿಕಾ ಫೋನ್ ಹಚ್ಚಿದಳು. ಆ ಕಡೆಯಿಂದ ಅತುಲ್ ಮಾತಾಡಿದ. ವಿಷ್ಣು ಫೋನ್ ಇಟ್ಟು, ಯಾರ ಮುಖವನ್ನೂ ನೋಡದೆ, “ಶಿಫ್ಟ್ ಮಾಡಿ,” ಎಂದ.

ತುಂಗಮ್ಮ ಅಂದು ಬಂದಿರಲಿಲ್ಲ. ಕೋಟು ಹಾಕಲು ಬೇರೆ ಯಾರೂ ಇರಲಿಲ್ಲ.

“ನೀವೇ ಹೋಗ್ಬಿಡಿ ಹುಲಿಗೆಮ್ಮ. ಮನೆಯೋರೂ ಆಯ್ತು, ಕೇರ್ ಸಖಿನೂ ಆಯ್ತು,” ಎಂದು ಭೂಮಿಕಾ ಕೋಟನ್ನು ಅವಳ ತೋಳಿಗೆ ತಾನೇ ಹಾಕಿದಳು. ಕುಹಕಕ್ಕೆ ಹೇಳಿದ್ದಲ್ಲ. ಅವಳಿಗೆ ಅದು ಅನುಕೂಲವೆಂದೇ ಕಂಡಿತು.

ಆಂಬುಲೆನ್ಸಿನಲ್ಲಿ ಕೂತು ಹುಲಿಗೆಮ್ಮ ಚೀಲ ಒತ್ತಿದಳು. ‘ಇಲ್ಲ’ ಎಂದದ್ದನ್ನು ಕೇಳಿದ್ದಳು. ಆದರೂ ಒತ್ತಿದಳು. ಎದೆ ಏಳುತ್ತಿತ್ತು. ಬೇರೆಯವರ ಎದೆ ಎದ್ದಾಗ ಅದು ಗಾಳಿ ಎಂದು ಅವಳಿಗೆ ಗೊತ್ತಿತ್ತು. ಇದು ಅವಳ ಗಂಡನ ಎದೆ. ಒಂದು ವೇಳೆ ಇದ್ದರೆ? ಡಾಕ್ಟರು ತಪ್ಪು ತಿಳಿದಿದ್ದರೆ? ಮಾಚೇನಹಳ್ಳಿ ಹೋಯಿತು, ಮಲವಗೊಪ್ಪ ಹೋಯಿತು. ಕೈ ಮರಗಟ್ಟಿತು. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಬೆಂಕಿ ಇಟ್ಟ ಹಾಗಾಯಿತು. ಬಿಟ್ಟರೆ ಎದೆ ಏಳುವುದಿಲ್ಲ. ಅದಕ್ಕೆ ಬಿಡಲಿಲ್ಲ. ತುಂಗಾ ಸೇತುವೆಯ ಮೇಲೆ ಬಂದಾಗ ಡ್ರೈವರ್ ಅಭ್ಯಾಸದಂತೆ ಹೊಳೆಗೆ ಕೈ ಮುಗಿದ. ಕೆಳಗೆ ನೀರು ಹರಿಯುತ್ತಿತ್ತು. ಇವನ ತುಟಿ ಒಡೆದು ಒಣಗಿತ್ತು. ಅದರ ಮೇಲೆ ಮಾಸ್ಕ್ ಕೂತಿತ್ತು. ಒತ್ತಿ ಹಿಡಿದವಳು ಅವಳೇ.

ಶಿವಮೊಗ್ಗದ ಪೋರ್ಟಿಕೋದಲ್ಲಿ ಒಬ್ಬ ಡಾಕ್ಟರು ರೆಪ್ಪೆ ಎತ್ತಿ ನೋಡಿ, “ಯಾವಾಗಲೋ ಹೋಗಿದಾರಲ್ಲ. ಮನೆಯವರು ಎಲ್ಲಿ?” ಎಂದರು.

ನೀಲಿ ಕೋಟಿನ ಹೆಂಗಸು, “ನಾನೇ,” ಎಂದಳು.

ಮಣ್ಣು ಮಾಡಿ ಬಂದ ಮೇಲೆ ದೇವರ ಗೂಡಿನಲ್ಲಿ ಬಾಟಲಿ ಹಾಗೇ ಇತ್ತು. ಮುಚ್ಚಳ ತೆಗೆದಿರಲಿಲ್ಲ. ದೀಪ ಹಚ್ಚಲು ಕೂತರೆ ಎದುರಿಗೆ ಅದೇ. ಕೂಡ್ಲಿಗೆ ಹೋಗಿ ಹೊಳೆಗೇ ಬಿಟ್ಟು ಬರೋಣವೆಂದು ಅವಳು ರಜೆ ಕೇಳಿದಳು. ಕೊಡಲಿಲ್ಲ. ಮುಂದಿನ ವಾರ ಎಂದರು. ಮುಂದಿನ ವಾರವೂ ಮುಂದಿನ ವಾರ ಎಂದರು. ಮನೆಯಲ್ಲಿ ಇಡಲಾರದೆ ಅವಳು ಬಾಟಲಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಓಡಾಡತೊಡಗಿದಳು. ರಜೆ ಸಿಕ್ಕಿದ ದಿನ ಹಾಗೆಯೇ ಕೂಡ್ಲಿಗೆ ಹೊಳೆಹೊನ್ನೂರಿನ ಬಸ್ಸು ಹತ್ತುವುದು ಎಂದುಕೊಂಡಳು. ಸಿಗಲಿಲ್ಲ. ಅವಳು ಗುಡಿಸಿದಳು, ಒರೆಸಿದಳು. ಕರೆದಾಗ ಕೋಟು ತೊಟ್ಟು ಒತ್ತಿದಳು ಕೂಡ. ಹೊಟ್ಟೆ ಕೇಳಬೇಕಲ್ಲ. ಪ್ರತಿ ಸಲ ಬಂದು ಹಿಂದಿನ ನಲ್ಲಿಯಲ್ಲಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು.

ಹೀಗಿರುವಾಗ ಹುಚ್ಚಮ್ಮನನ್ನು ತಂದರು.

ಮಧ್ಯಾಹ್ನದ ಹೊತ್ತು. ಹೊಳೆಹೊನ್ನೂರಿನ ಆಚೆಯ ಹಳ್ಳಿಯವರು. ಜನ್ನಾಪುರದ ನೆಂಟರ ಮನೆಗೆ ನಾಮಕರಣಕ್ಕೆ ಬಂದಿದ್ದರು. ಊಟಕ್ಕೆ ಕೂತವಳು ಎಲೆಯ ಮುಂದೆಯೇ ಒರಗಿದಳಂತೆ. ಜೊತೆಯಲ್ಲಿ ಗಂಡ ಭೈರಪ್ಪ, ಮಗ ಸುನಿಲ್. ಭೈರಪ್ಪನವರು ಪಂಚೆ ಉಟ್ಟ ಮುದುಕರು. ಹೆಂಡತಿಯ ಎಲೆಯಡಿಕೆ ಚೀಲವನ್ನೂ ಚಪ್ಪಲಿಯನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಂದೆ ಓಡಿ ಬಂದರು. ಸುನಿಲ್ ಶಿವಮೊಗ್ಗದಲ್ಲಿ ಫೈನಾನ್ಸ್ ಕಂಪನಿಯ ಕೆಲಸದಲ್ಲಿದ್ದವನು. ಅವನ ಕೈಯಲ್ಲಿ ಫೋನ್ ಇತ್ತು.

“ಸರ್ಕಾರಿ ಆಸ್ಪತ್ರೆಗೇ ಹೋಗಣ ಅಂದ್ನಲ್ಲೋ,” ಎಂದರು ಭೈರಪ್ಪ.

“ಅಪ್ಪ, ಸುಮ್ನಿರು. ಇದಕ್ಕೆ ರೇಟಿಂಗ್ ಎಷ್ಟು ಚೆನ್ನಾಗಿದೆ ನೋಡು. ಸಾವೇ ಇಲ್ವಂತೆ ಇಲ್ಲಿ,” ಎಂದು ಸುನಿಲ್ ಗೋಡೆಯ ಫಲಕ ತೋರಿಸಿದ.

ಹುಲಿಗೆಮ್ಮ ಮಾಪು ಹಿಡಿದು ನಿಂತಿದ್ದಳು. ಫಲಕದ ಕೆಳಗೇ.

ಟೋಕನ್. ಇಸಿಜಿ. ರಕ್ತ. ಹುಚ್ಚಮ್ಮ ಗಾಲಿಕುರ್ಚಿಯಲ್ಲಿ ಕುತ್ತಿಗೆ ವಾಲಿಸಿ ಕೂತಿದ್ದಳು. ಮೈ ತುಂಬ ಬೆವರು. ನಾಲಿಗೆ ತೆಗೆದು ತುಟಿ ಸವರಿಕೊಳ್ಳುತ್ತಿದ್ದಳು. ಭೈರಪ್ಪ ಬಗ್ಗಿ ಕೇಳಿದರು, “ಏನೇ?” ಅವಳು ಕೈಯನ್ನು ಬಾಯಿಯ ಹತ್ತಿರ ತಂದು ತೋರಿಸಿದಳು.

“ನೀರು ಕೇಳ್ತಿದಾಳೆ ತಾಯಿ. ಒಂದು ಗುಟುಕು ಬಿಡ್ಲಾ?” ಎಂದು ಅವರು ಭೂಮಿಕಾಳನ್ನು ಕೇಳಿದರು.

“ಬಾಯಿಗೆ ಏನೂ ಹಾಕ್ಬಾರ್ದು ಅಜ್ಜ. ಡಾಕ್ಟ್ರು ನೋಡ್ಲಿ.”

“ತುಟಿ ಒದ್ದೆ ಮಾಡ್ಲಾ ಹಂಗಾರೆ? ಬರೀ ತುಟಿ?”

“ಅಪ್ಪ, ಅವರಿಗೆ ಗೊತ್ತಿಲ್ವಾ? ನಿನ್ನ ಹಳ್ಳಿ ಬುದ್ಧಿ ಇಲ್ಲಿ ಬೇಡ,” ಎಂದ ಸುನಿಲ್.

ಭೈರಪ್ಪ ಸುತ್ತಲೂ ನೋಡಿದರು. ಹುಲಿಗೆಮ್ಮನ ಕಣ್ಣು ಅವರಿಗೆ ಸಿಕ್ಕಿತು. ಅವಳು ಕಣ್ಣು ತಗ್ಗಿಸಿ ಮಾಪನ್ನು ಬಕೆಟ್ಟಿನಲ್ಲಿ ಅದ್ದಿದಳು.

ಒಳಗೆ ಕರೆದುಕೊಂಡು ಹೋದರು. ಪರದೆ ಎಳೆದರು. ಮನೆಯವರನ್ನು ಗಾಜಿನ ಬಾಗಿಲ ಹೊರಗೆ ನಿಲ್ಲಿಸಿದರು. ವಾಂತಿ ಒರೆಸಲು ಹುಲಿಗೆಮ್ಮನನ್ನು ಒಳಗೆ ಕರೆದರು. ಅವಳು ಮಂಚದ ಕೆಳಗೆ ಮೊಣಕಾಲೂರಿ ಒರೆಸುತ್ತಿರುವಾಗ ಮೇಲೆ ಎದೆ ಒತ್ತುವ ಸದ್ದು ಕೇಳುತ್ತಿತ್ತು. ಮಂಚ ಕಿರಗುಟ್ಟಿತು. ಬಹಳ ಹೊತ್ತು ಕಿರಗುಟ್ಟಿತು. ನಿಂತಿತು. ಹುಚ್ಚಮ್ಮನ ಒಂದು ಕೈ ಮಂಚದ ಅಂಚಿನಿಂದ ಜಾರಿ ಅವಳ ಹೆಗಲ ಮೇಲೆ ಬಿತ್ತು. ಹಸಿರು ಬಳೆಗಳಿದ್ದ ಕೈ. ಮೇಲಿನಿಂದ ವಿಷ್ಣುವಿನ ದನಿ ಬಂತು.

“ಇಲ್ಲ. ಆಗೋಯ್ತು.”

ಭೂಮಿಕಾ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅತುಲ್ ಹೇಳಿದ, “ನಾಳೆ ಇನ್ವೆಸ್ಟರ್ ವಿಸಿಟ್ ಇದೆ. ನಾನು ಬಿಡಿಸಿ ಹೇಳ್ಬೇಕಾ ಡಾಕ್ಟರ್?”

ವಿಷ್ಣು ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಏನು ಮಾಡಬೇಕೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಭೂಮಿಕಾ ಮಾಸ್ಕ್ ಹಿಡಿದು ಚೀಲ ಒತ್ತತೊಡಗಿದಳು. ಎದೆ ಎದ್ದಿತು.

“ಹುಲಿಗೆಮ್ಮ, ಕೋಟು ಹಾಕ್ಕೊಳಿ.”

ಹುಲಿಗೆಮ್ಮ ಹೆಗಲ ಮೇಲಿನ ಕೈಯನ್ನು ಎತ್ತಿ ಮಂಚದ ಮೇಲೆ ಇಟ್ಟಳು. ಬಳೆಗಳು ಸರಿದ ಸದ್ದಾಯಿತು. ಎದ್ದು ನಿಂತಳು.

“ಹಾಕ್ಕೊಳಲ್ಲ.”

“ಏನು?”

“ಹಾಕ್ಕೊಳಲ್ಲ ಅಂದೆ.”

“ಈಗ ಆಟ ಆಡೋ ಹೊತ್ತಲ್ಲ. ಬೇಗ.”

“ನನ್ನ ಗಂಡನಿಗೇ ಹಾಕ್ಕೊಂಡೆ. ಸಾಕು.”

ಅವಳು ಪರದೆ ಸರಿಸಿದಳು. ಗಾಜಿನ ಬಾಗಿಲು ನೂಕಿದಳು. ಹೊರಗೆ ಸುನಿಲ್ ಫೋನಿನಲ್ಲಿ ಮಾತಾಡುತ್ತಿದ್ದ. ಹುಲಿಗೆಮ್ಮ ಅವನ ಮುಂದೆ ನಿಂತಳು. ಇಷ್ಟು ದಿನ ಒಬ್ಬ ಪೇಷೆಂಟಿನ ಕಡೆಯವರ ಮುಂದೆ ಅವಳು ಹಾಗೆ ನೇರ ನಿಂತಿರಲಿಲ್ಲ.

“ನಿಮ್ಮಮ್ಮ ಇಲ್ಲ ಕಣಪ್ಪ. ಡಾಕ್ಟ್ರು ಆಗ್ಲೇ ಹೇಳಿದ್ರು. ಅವರ ಬಾಯಿ ಮೇಲಿಂದ ಅದನ್ನ ತೆಗ್ಸು. ನೀರು ಬಿಡು. ಹೆತ್ತ ತಾಯಿ.”

ಸುನಿಲ್ ಫೋನ್ ಕೆಳಗಿಳಿಸಿದ. ಬಾಗಿಲ ಸಂದಿಯಿಂದ ಒಳಗೆ ನೋಡಿದ. ತಾಯಿಯ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

“ಏಯ್! ನಿನ್ನ ಬಾಯಿ ಸೇದೋಗ! ಉಸಿರಾಡ್ತಿದಾಳೆ, ಕಣ್ಣು ಕಾಣಲ್ವಾ? ಎದೆ ಏಳ್ತಾ ಇದೆ!”

“ಅದನ್ನ ಏಳಿಸ್ತಿರೋದು ನಾವು.”

“ನೀನ್ಯಾವಳು ಹೇಳಕ್ಕೆ? ಡಾಕ್ಟ್ರಾ ನೀನು? ಕಸ ಬಳಿಯೋ ಜಾತಿ…” ಎಂದು ಅವನು ಕೈ ಎತ್ತಿದ. ಭೈರಪ್ಪ ಮಗನ ತೋಳು ಹಿಡಿದರು. ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿತ್ತು.

ಹುಲಿಗೆಮ್ಮ ತಿರುಗಿ ವಿಷ್ಣುವನ್ನು ನೋಡಿದಳು. ಅವನು ಪರದೆಯ ಹತ್ತಿರ ನಿಂತಿದ್ದ.

“ನಾನು ಡಾಕ್ಟ್ರಲ್ಲ. ನಿಜ. ನೀವು ಹೇಳಿ ಡಾಕ್ಟ್ರೇ. ಈಗ ಒಳಗೆ ಏನಂದ್ರಿ? ಅದನ್ನೇ ಇವರಿಗೆ ಹೇಳಿ. ಒಂದೇ ಮಾತು. ಇವರು ನಿಮ್ಮ ಮಾತು ನಂಬ್ತಾರೆ.”

ಎಲ್ಲರೂ ಅವನನ್ನು ನೋಡಿದರು. ಸುನಿಲ್ ನೋಡಿದ. ಭೈರಪ್ಪ ನೋಡಿದರು. ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದವರೂ ನೋಡಿದರು. ವಿಷ್ಣು ಬಾಯಿ ತೆರೆದ. ಅವನು ಹೇಳುತ್ತಾನೆಂದೇ ಹುಲಿಗೆಮ್ಮನಿಗೆ ಅನ್ನಿಸಿತು. ಆ ಒಂದು ಗಳಿಗೆ ಅವಳು ಮನಸ್ಸಿನಲ್ಲೇ ದೇವಿಗೆ ಕೈ ಮುಗಿದಳು.

“ಸ್ಥಿತಿ ಗಂಭೀರ ಇದೆ. ಶಿಫ್ಟ್ ಮಾಡಿ,” ಎಂದ ವಿಷ್ಣು.

ಮುಗಿಯಿತು.

ಭೂಮಿಕಾ ಒಳಗಿನಿಂದ ಕೂಗಿದಳು. ಹಿಂದಿನ ಕಕ್ಕಸು ತೊಳೆಯುತ್ತಿದ್ದ ತುಂಗಮ್ಮ ಒದ್ದೆ ಕೈಯಲ್ಲೇ ಬಂದಳು. ಗೂಡಿನಿಂದ ಕೋಟು ತಂದಳು. ತೋಳು ಹಾಕುವಾಗ ಹುಲಿಗೆಮ್ಮ ಅವಳ ಎದುರು ನಿಂತಳು.

“ಹಾಕ್ಕೊಬೇಡ ಕಣೆ.”

ತುಂಗಮ್ಮ ಗುಂಡಿ ಹಾಕಿಕೊಳ್ಳುತ್ತಲೇ ಇದ್ದಳು. “ನಿಂಗೆ ಈಗ ಯಾರಿದಾರೆ ಅಕ್ಕ? ನೀನು ಬೇಡ ಅನ್ಬೋದು. ನನ್ ಮಗಳು ಇನ್ನೂ ಕಾಲೇಜಲ್ಲಿದಾಳೆ.” ಕಣ್ಣಲ್ಲಿ ನೀರಿತ್ತು. “ಜರುಗು. ದಾರಿ ಬಿಡು.”

ಹುಲಿಗೆಮ್ಮ ಜರುಗಿದಳು. ಬೇರೆ ಏನು ಮಾಡಬಹುದಿತ್ತು? ತುಂಗಮ್ಮನ ಮೇಲೆ ಕೈ ಮಾಡುವುದೇ?

ಸ್ಟ್ರೆಚರ್ ಹೊರಗೆ ಬಂತು. ತುಂಗಮ್ಮ ಪಕ್ಕದಲ್ಲಿ ಓಡುತ್ತಾ ಒತ್ತುತ್ತಿದ್ದಳು. ಒಬ್ಬರಿಗೆ ಮಾತ್ರ ಜಾಗ ಎಂದು ಡ್ರೈವರ್ ಹೇಳಿದ. ಸುನಿಲ್ ಹತ್ತಿದ. ಭೈರಪ್ಪನವರು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು. ಹುಲಿಗೆಮ್ಮ ತನ್ನ ಚೀಲದಿಂದ ಬಾಟಲಿ ತೆಗೆದುಕೊಂಡು ಓಡಿ ಬಂದು, “ಅಯ್ಯ, ಒಂದು ಹನಿ… ಒಂದು ಹನಿ ಬಿಡಿ, ಕೂಡ್ಲಿ ನೀರು,” ಎಂದು ಕೈ ಚಾಚಿದಳು.

“ಅಪ್ಪ, ನೀನು ಇಳಿ. ಆಟೋದಲ್ಲಿ ಬಾ. ಆ ಹೆಂಗ್ಸನ್ನ ಹತ್ರ ಬಿಡ್ಬೇಡ,” ಎಂದು ಸುನಿಲ್ ಬಾಗಿಲು ಎಳೆದುಕೊಂಡ.

ಸೈರನ್ನು ಕೂಗಿತು. ಜನ್ನಾಪುರದ ರಸ್ತೆಯಲ್ಲಿ ಬಸ್ಸುಗಳೂ ಆಟೋಗಳೂ ದೇವರ ಪಲ್ಲಕ್ಕಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದವು. ಪಾನ್ ಅಂಗಡಿಯವನು ಎದೆ ಮುಟ್ಟಿಕೊಂಡು, ಬದುಕಲಿ ಎಂದ.

ಒಳಗೆ ಭೂಮಿಕಾ ಫೋನನ್ನು ಹುಲಿಗೆಮ್ಮನ ಕಿವಿಗೆ ಹಿಡಿದಳು. ಅತುಲ್ ಕೂಗಾಡಲಿಲ್ಲ. ಅವನು ಕೂಗಾಡುವವನೇ ಅಲ್ಲ. “ಗಂಡ ತೀರ್ಕೊಂಡ ಮೇಲೆ ನಿಮ್ಮ ಮನಸ್ಸು ಸರಿ ಇಲ್ಲ ಅಮ್ಮ. ನಮ್ಗೆ ಅರ್ಥ ಆಗುತ್ತೆ. ನಾಳೆಯಿಂದ ರೆಸ್ಟ್ ತಗೊಳ್ಳಿ,” ಎಂದ.

“ರಜೆ ಕೇಳ್ದಾಗ ಕೊಡ್ಲಿಲ್ವಲ್ಲ ಸಾ,” ಎಂದಳು ಹುಲಿಗೆಮ್ಮ. ಅಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

ವಿಷ್ಣು ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ. ಸೋಪು ಹಚ್ಚಿ ತೊಳೆದ, ಮತ್ತೆ ಹಚ್ಚಿದ. ಅವಳು ಹತ್ತಿರ ಬಂದಾಗ ತಿರುಗಲಿಲ್ಲ.

“ನಾನೇನು ಮಾಡ್ಲಿ ಅಮ್ಮ? ಇಲ್ಲಿ ಹೇಳಿದ್ರೆ ನಾಳೆ ನಾನಿರಲ್ಲ. ಇನ್ನೊಬ್ಬ ಬರ್ತಾನೆ. ಅವನೂ ಇದನ್ನೇ ಮಾಡ್ತಾನೆ.”

“ಕೈ ತೊಳ್ಕೊಳಿ ಡಾಕ್ಟ್ರೇ. ನಾನೂ ಹಿಂಗೇ ತೊಳ್ಕೊತಿದ್ದೆ,” ಎಂದಳು.

ಭೈರಪ್ಪನವರು ಬೆಂಚಿನ ತುದಿಯಲ್ಲಿ ಕೂತಿದ್ದರು. ಆಟೋಕ್ಕೆ ಹೋಗಿರಲಿಲ್ಲ. ಹೆಂಡತಿಯ ಚಪ್ಪಲಿಯನ್ನು ಎತ್ತಿ ಧೂಳು ಒರೆಸಿ ಪಕ್ಕದಲ್ಲಿ ಜೋಡಿಸಿದ್ದರು. ಎಲೆಯಡಿಕೆ ಚೀಲ ತೊಡೆಯ ಮೇಲಿತ್ತು. ಹುಲಿಗೆಮ್ಮ ಅವರಿಂದ ಸ್ವಲ್ಪ ದೂರ, ನೆಲದ ಮೇಲೆ, ಗೋಡೆಗೆ ಒರಗಿ ಕೂತಳು. ಬಾಟಲಿ ಕೈಯಲ್ಲಿತ್ತು. ಅವಳಿಗೆ ಎದ್ದು ಹೋಗಲು ಮನೆಯಿತ್ತು. ಹೋಗಲಿಲ್ಲ.

ಮುದುಕರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಸುನಿಲನ ದನಿ ಹೊರಗೂ ಕೇಳುತ್ತಿತ್ತು. “ಅಪ್ಪಾ, ಮಲವಗೊಪ್ಪ ದಾಟ್ತು. ಉಸಿರಾಡ್ತಿದಾಳೆ. ಚೆನ್ನಾಗಿ ಉಸಿರಾಡ್ತಿದಾಳೆ. ನೀನು ಹೆದರ್ಬೇಡ.”

ಫೋನ್ ಜೇಬಿಗೆ ಸೇರಿತು. ಭೈರಪ್ಪ ಹುಲಿಗೆಮ್ಮನ ಕಡೆ ತಿರುಗಿದರು.

“ಉಸಿರಾಡ್ತಿದಾಳಂತೆ ತಾಯಿ.”

ಹುಲಿಗೆಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಈ ಹೊತ್ತಿಗೆ ತುಂಗಮ್ಮನ ಕೈ ಮರಗಟ್ಟಿರುತ್ತದೆ. ಹೆಬ್ಬೆರಳಿನ ಬುಡದಲ್ಲಿ ಉರಿ ಎದ್ದಿರುತ್ತದೆ. ಸೇತುವೆ ಹತ್ತಿರ ಬರುತ್ತಿರುತ್ತದೆ.

ಭೈರಪ್ಪ ಅವಳ ಕೈಯನ್ನೇ ನೋಡಿದರು. ಆಮೇಲೆ ಮುಖ ನೋಡಿದರು.

“ನೀನು ಆಗ ಹೇಳಿದ್ದು ನಿಜವಾ?”

“ನಿಜ ಅಯ್ಯ. ನನ್ನ ಗಂಡನೂ ಇಲ್ಲೇ ಹೋದ.”

“ನಿನ್ನ ಗಂಡನಿಗೂ ಹಿಂಗೇ ಆಯ್ತಾ?”

“ಹೂಂ.”

“ನೀರು?”

ಅವಳು ತಲೆಯಾಡಿಸಿದಳು. ಇಲ್ಲ.

ಮುದುಕರು ಅಳಲಿಲ್ಲ. ಎಲೆಯಡಿಕೆ ಚೀಲದ ದಾರವನ್ನು ಬಿಚ್ಚಿದರು, ಕಟ್ಟಿದರು, ಬಿಚ್ಚಿದರು. “ಮನೆಯಲ್ಲಿ ನಾನು ಗದ್ದೆಯಿಂದ ಬಂದ್ರೆ ಮೊದಲು ಚೊಂಬು ತರೋಳು. ಏನೂ ಕೇಳ್ತಿರ್ಲಿಲ್ಲ. ನೀರು ಕೊಟ್ಟ ಮೇಲೇ ಮಾತು,” ಎಂದರು. ದಾರವನ್ನು ಮತ್ತೆ ಕಟ್ಟಿ, “ಇವತ್ತು ಅವಳು ಕೇಳಿದ್ಲು,” ಎಂದರು.

ಆಮೇಲೆ ಅವರು ಬೆಂಚಿನಿಂದ ಇಳಿದು ಅವಳ ಎದುರು ನೆಲದ ಮೇಲೆ ಕೂತರು. ಬಲಗೈಯನ್ನು ಗುಳಿ ಮಾಡಿ ಚಾಚಿದರು.

“ಹಾಕು ತಾಯಿ.”

ಅವಳ ಕೇರಿ ಯಾವುದೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಹುಲಿಗೆಮ್ಮ ಮುಚ್ಚಳ ತಿರುಗಿಸಿದಳು. ವೀರಪ್ಪ ಬಿಗಿದಿದ್ದ ಮುಚ್ಚಳ, ಬೇಗ ಬಿಡಲಿಲ್ಲ. ಸೆರಗು ಸುತ್ತಿ ತಿರುಗಿಸಿದಳು. ಬಗ್ಗಿ, ಎತ್ತರದಿಂದ ಸುರಿಯದೆ, ಬಾಟಲಿಯ ಬಾಯಿಯನ್ನು ಅವರ ಅಂಗೈಗೆ ತಾಗಿಸಿ ನೀರು ಬಿಟ್ಟಳು.

ಭೈರಪ್ಪ ಕಣ್ಣು ಮುಚ್ಚಿ, “ಹುಚ್ಚೀ,” ಎಂದರು. ಹೆಂಡತಿಯನ್ನು ಮನೆಯಲ್ಲಿ ಹಾಗೆ ಕರೆಯುತ್ತಿದ್ದರೇನೋ. ಕಣ್ಣು ತೆರೆದರು. ಅಂಗೈಯಲ್ಲಿ ನೀರಿತ್ತು. ಬಾಯಿ ಇರಲಿಲ್ಲ. ಅವರು ಅತ್ತಿತ್ತ ನೋಡಿದರು. ಟೋಕನ್ ಯಂತ್ರದ ಪಕ್ಕದಲ್ಲಿ ಕುಂಡದೊಳಗೆ ತುಳಸಿಯ ಗಿಡ ಕಂಡಿತು. ಎದ್ದು ಎರಡು ಹೆಜ್ಜೆ ಹೋದರು. ಅದು ಪ್ಲಾಸ್ಟಿಕ್ಕಿನದೆಂದು ಹತ್ತಿರ ಹೋದಾಗ ತಿಳಿಯಿತು. ಅಲ್ಲೇ ನಿಂತರು. ನೀರು ಬೆರಳ ಸಂದಿಯಿಂದ ಇಳಿಯತೊಡಗಿತು. ಅವರು ಇನ್ನೊಂದು ಕೈಯನ್ನು ಕೆಳಗೆ ಹಿಡಿದರು. ಅಲ್ಲಿಂದಲೂ ಇಳಿಯಿತು. ಎರಡೂ ಹೊಳೆಯ ನೀರು ಅರ್ಜೆಂಟಿನ ಬಿಳಿ ಟೈಲ್ಸಿನ ಮೇಲೆ ಹನಿ ಹನಿಯಾಗಿ ಬಿದ್ದು ಹರಡಿತು.

ಕೌಂಟರಿನಿಂದ ಭೂಮಿಕಾ ನೋಡಿದಳು.

“ಅಯ್ಯೋ, ನೆಲ ಒದ್ದೆ ಆಯ್ತಲ್ಲ. ಹುಲಿಗೆಮ್ಮ, ಮಾಪ್ ಹಾಕಿ ಸ್ವಲ್ಪ, ಯಾರಾದ್ರೂ ಜಾರ್ತಾರೆ.”

ಮಾಪು ಅಲ್ಲೇ ಗೋಡೆಗೆ ಒರಗಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹುಲಿಗೆಮ್ಮ ಅದನ್ನು ನೋಡಿದಳು. ನೆಲದ ಮೇಲಿನ ನೀರನ್ನು ನೋಡಿದಳು.

“ಹುಲಿಗೆಮ್ಮ!”

ಅವಳು ಏಳಲಿಲ್ಲ. ಯಂತ್ರ ಮುಂದಿನ ಟೋಕನ್ನನ್ನು ಕರೆಯಿತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು, ನೀರಿನ ಮೇಲೆ ಕಾಲಿಡದೆ, ಸುತ್ತಿ ಬಳಸಿ ಹೋದರು.